ಕೊಡಗಿನ ಕಾಡಲ್ಲಿ ಕಡ್ಡಿ ಗೀರಿದವರು, ಬೇಡ ಅಂದವರು

ಹೊರಗಿನವರಿಗೆ ಕೊಡಗು ಅಂದರೆ ಮಳೆ. ಭಾಗಮಂಡಲದ ಕಡೆ ವರ್ಷಕ್ಕೆ ಐದಾರು ಸಾವಿರ ಮಿಲಿಮೀಟರ್ ಸುರಿಯುವುದೂ ಉಂಟು. ಆದರೆ ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಮುಗಿಯುತ್ತದೆ. ಡಿಸೆಂಬರ್ ದಾಟಿದರೆ ಮೋಡದ ಸುಳಿವಿಲ್ಲ. ತಿತಿಮತಿ, ನಾಗರಹೊಳೆ ಕಡೆಯದು ಎಲೆ ಉದುರಿಸುವ ಕಾಡು. ಅಲ್ಲಿ ಜನವರಿ ಕೊನೆಗೆ ತೇಗದ ಎಲೆ ಕಾಲಡಿಯಲ್ಲಿ ಹಪ್ಪಳದ ಹಾಗೆ ಮುರಿಯುತ್ತದೆ. ಇತ್ತ ಬ್ರಹ್ಮಗಿರಿ, ತಡಿಯಂಡಮೋಳು, ಪುಷ್ಪಗಿರಿಯ ಹುಲ್ಲುಬೆಟ್ಟಗಳು ಹಳದಿಗೆ ತಿರುಗುತ್ತವೆ. ಆಮೇಲೆ ಇಡೀ ಜಿಲ್ಲೆ ಹೂಮಳೆಗೆ ಕಾಯುತ್ತದೆ. ತೋಟದವರಿಗೆ ಅದು ಕಾಫಿ ಹೂ ಅರಳಿಸುವ ಮಳೆ. ಕಾಡು ಕಾಯುವ ಫೈರ್ ವಾಚರ್‌ಗೆ ಅದು ನೆಮ್ಮದಿಯಾಗಿ ನಿದ್ದೆ ಮಾಡಿಸುವ ಮಳೆ.

ಆ ಮಳೆ ಬರುವ ತನಕ ಕಾಡಂಚಲ್ಲಿ ಕಸ ಸುಡಬೇಡಿ, ಬೀಡಿ ತುಂಡು ಎಸೆಯಬೇಡಿ, ಚಾರಣಕ್ಕೆ ಹೋಗಬೇಡಿ ಅಂತ ಎಲ್ಲ ಕಡೆ ಹೇಳುತ್ತಾರೆ. ಇದು ಈಚಿನ ಹತ್ತಿಪ್ಪತ್ತು ವರ್ಷಗಳ ಕಟ್ಟುಪಾಡು ಅಂತ ತುಂಬ ಜನ ಅಂದುಕೊಂಡಿದ್ದಾರೆ. ನಿಜಕ್ಕೂ ಇದರ ಬೇರು ಬ್ರಿಟಿಷರ ಕಾಲಕ್ಕೆ ಹೋಗುತ್ತದೆ.

ಅದಕ್ಕೂ ಮೊದಲು ಕಾಡಲ್ಲಿ ಬೆಂಕಿ ಒಂದು ಹತ್ಯಾರು, ಕತ್ತಿ ಇದ್ದ ಹಾಗೆ. ಕುಮರಿ ಬೇಸಾಯ ಮಾಡುವವರು ಕಾಡಿನ ಒಂದು ತುಂಡು ಕಡಿದು, ಒಣಗಿಸಿ, ಸುಟ್ಟು, ಆ ಬೂದಿಯಲ್ಲಿ ಬಿತ್ತುತ್ತಿದ್ದರು. ಒಂದೆರಡು ಬೆಳೆ ಆದ ಮೇಲೆ ಬೇರೆ ಜಾಗ. ದನ ಮೇಯಿಸುವವರು ಒಣಹುಲ್ಲಿಗೆ ಬೆಂಕಿ ಇಡುತ್ತಿದ್ದರು, ಒಂದು ಮಳೆ ಬಿದ್ದರೆ ಹಸಿ ಚಿಗುರು ಬರಲಿ ಅಂತ. ಗದ್ದೆ ಇದ್ದವರಿಗೆ ಅದಕ್ಕೆ ಸೇರಿದ ಬಾಣೆ ಇತ್ತು. ಸೊಪ್ಪು, ಸೌದೆ, ಮೇವು ಎಲ್ಲ ಅಲ್ಲಿಂದ. ಹಾಗಂತ ಎಲ್ಲೆಂದರಲ್ಲಿ ಬೆಂಕಿ ಇಡುತ್ತಿರಲಿಲ್ಲ. ಕೊಡಗಿನಲ್ಲಿ ಸಾವಿರಕ್ಕೂ ಜಾಸ್ತಿ ದೇವರಕಾಡುಗಳಿವೆ. ಅಲ್ಲಿಗೆ ಕತ್ತಿಯೂ ಇಲ್ಲ, ಬೆಂಕಿಯೂ ಇಲ್ಲ. ಯಾವ ಕಾಯ್ದೆಯೂ ಬರೆಯುವ ಮೊದಲೇ ಈ ಜಿಲ್ಲೆಯಲ್ಲಿ ಬೆಂಕಿಗೆ ಗಡಿ ಇತ್ತು ಅನ್ನುವುದನ್ನು ನಾವು ಮರೆಯಬಾರದು.

1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋಯಿತು. ಅವರ ಕಣ್ಣು ಇದ್ದದ್ದು ಮರದ ಮೇಲೆ, ಅದರಲ್ಲೂ ತೇಗದ ಮೇಲೆ. ಎಳೆ ತೇಗದ ಸಸಿಗೆ ಬೆಂಕಿ ತಗುಲಿದರೆ ಮರ ಸೊಟ್ಟಗಾಗುತ್ತದೆ, ದಿಮ್ಮಿಗೆ ಬೆಲೆ ಸಿಗುವುದಿಲ್ಲ. 1865 ಮತ್ತು 1878ರ ಅರಣ್ಯ ಕಾಯ್ದೆಗಳು ಬಂದವು. ಮೀಸಲು ಅರಣ್ಯ ಅನ್ನುವ ಗೆರೆ ಬಿತ್ತು. ಆ ಗೆರೆಯೊಳಗೆ ಬೆಂಕಿ ಇಡುವುದು ಅಪರಾಧವಾಯಿತು, ಕುಮರಿ ಕ್ರಮೇಣ ನಿಂತಿತು. ಕಾಡಲ್ಲೇ ಬದುಕುತ್ತಿದ್ದ ಜೇನುಕುರುಬ, ಬೆಟ್ಟಕುರುಬ, ಯರವ ಜನರಲ್ಲಿ ತುಂಬ ಮಂದಿ ತೇಗದ ನೆಡುತೋಪಿನ ಕೂಲಿಗಳಾದರು, ಕಾಫಿ ತೋಟದ ಲೈನ್‌ಮನೆಗೆ, ಅಂದರೆ ಕೂಲಿಗಳ ಸಾಲುಮನೆಗೆ ಬಂದರು.

ಸ್ವಾತಂತ್ರ್ಯ ಬಂದ ಮೇಲೂ ಕಾನೂನಿನ ದಾರಿ ಬದಲಾಗಲಿಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯ 24ನೇ ಸೆಕ್ಷನ್ ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದನ್ನು ತಡೆಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಸೆಕ್ಷನ್ ಅಭಯಾರಣ್ಯಕ್ಕೆ ಅದನ್ನೇ ಹೇಳುತ್ತದೆ. 1974ರಲ್ಲಿ ಬ್ರಹ್ಮಗಿರಿ, 1987ರಲ್ಲಿ ಪುಷ್ಪಗಿರಿ ಮತ್ತು ತಲಕಾವೇರಿ ಅಭಯಾರಣ್ಯಗಳಾದವು. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು.

ಇಲ್ಲಿ ಒಂದು ಗಂಟು ಇದೆ, ಅದನ್ನು ಬಿಡಿಸದೆ ಮುಂದೆ ಹೋಗುವ ಹಾಗಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ 'ತರಗು ಬೆಂಕಿ' ಅಂತ ಒಂದು ಪದ್ಧತಿ ಇತ್ತು. ಕಾಡು ಪೂರ್ತಿ ಒಣಗುವ ಮೊದಲೇ, ನೆಲದ ಮೇಲಿನ ತರಗೆಲೆಯನ್ನಷ್ಟೇ ಸುಡುವ ಸಣ್ಣ ಬೆಂಕಿ. ಮೊಣಕಾಲೆತ್ತರ ಉರಿದು ತಾನೇ ಆರುತ್ತಿತ್ತು. ಅದನ್ನು ನಿಲ್ಲಿಸಿದ್ದರಿಂದಲೇ ಲಂಟಾನ ಅನ್ನುವ ಹೊರಗಿನ ಪೊದೆ ಕಾಡನ್ನು ನುಂಗಿತು ಅಂತ ಅವರ ಹಿರಿಯರು ಹೇಳುತ್ತಾರೆ. ಬೆಂಕಿ ಬಿದ್ದ ಜಾಗದಲ್ಲೇ ಲಂಟಾನ ಮೊದಲು ಚಿಗುರುವುದು ಅಂತ ಕೆಲವು ವಿಜ್ಞಾನಿಗಳ ವಾದ. ನನಗನ್ನಿಸುವುದು ಇಷ್ಟು: ಎರಡೂ ಮಾತು ಬೇರೆ ಬೇರೆ ಬೆಂಕಿಯ ಬಗ್ಗೆ. ಜನವರಿಯ ಇಬ್ಬನಿಯಲ್ಲಿ ತೆವಳುವ ಬೆಂಕಿ ಒಂದು. ಮಾರ್ಚ್ ಮಧ್ಯಾಹ್ನ ಗಾಳಿಗೆ ಸಿಕ್ಕಿ ಓಡುವ ಬೆಂಕಿ ಇನ್ನೊಂದು. ಕಾನೂನಿಗೆ ಮಾತ್ರ ಎರಡೂ ಒಂದೇ.

ಆ ಹೊತ್ತಿಗೆ ಕಾಡೂ ಮೊದಲಿನದಾಗಿ ಉಳಿದಿರಲಿಲ್ಲ. ಆಳೆತ್ತರದ ಲಂಟಾನ ಒಣಗಿ ನಿಂತರೆ ನೆಲದ ಬೆಂಕಿ ಏಣಿ ಹತ್ತಿದ ಹಾಗೆ ಮರದ ತುದಿಗೆ ಏರುತ್ತದೆ. ಬಿದಿರು ನಾಲ್ಕೈದು ದಶಕಕ್ಕೊಮ್ಮೆ ಹೂ ಬಿಟ್ಟು, ಹಿಂಡಿಗೆ ಹಿಂಡೇ ಸಾಯುತ್ತದೆ. ಆ ಒಣ ಬಿದಿರಿಗೆ ಬೆಂಕಿ ಬಿದ್ದರೆ ಗೆಣ್ಣು ಗೆಣ್ಣೂ ಕೋವಿ ಹೊಡೆದ ಹಾಗೆ ಸಿಡಿಯುತ್ತದೆ, ಕಿಡಿ ದಾರಿ ದಾಟುತ್ತದೆ.

ಸಿಟ್ಟಿನ ಬೆಂಕಿಯೂ ಇದೆ. 1992ರಲ್ಲಿ ಒಂದು ಸಾವಿನ ನಂತರ ಎದ್ದ ಗಲಾಟೆಯಲ್ಲಿ ನಾಗರಹೊಳೆಯ ಕಾಡಿಗೇ ಬೆಂಕಿ ಇಟ್ಟರು. ಒಣಗಿದ ಆನೆ ಲದ್ದಿಗೆ ಕಿಡಿ ಮುಟ್ಟಿಸಿ ಹೋಗುವವರೂ ಇದ್ದಾರೆ. ಅದು ಒಳಗೊಳಗೇ ಗಂಟೆಗಟ್ಟಲೆ ಕನಲುತ್ತದೆ. ಉರಿ ಏಳುವ ಹೊತ್ತಿಗೆ ಇಟ್ಟವನು ಮನೆ ಸೇರಿರುತ್ತಾನೆ. ಕಾವಲು ಜಾಸ್ತಿ ಮಾಡಿ ಈ ಬೆಂಕಿಯನ್ನು ಪೂರ್ತಿ ತಡೆಯಲು ಆಗುವುದಿಲ್ಲ. ಕಾಡಂಚಿನ ಜನರ ಬೆಳೆನಷ್ಟ, ಹಕ್ಕು, ಅವಮಾನ ಇವನ್ನು ಕೇಳಿಸಿಕೊಳ್ಳುವವರು ಬೇಕು.

ಈಗಿನ ಬಿಗಿ ಬಂದದ್ದು ಬೇರೆ ಕಾಡುಗಳ ದುಃಖದಿಂದ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ನಂದಿಸಲು ಹೋದ ಯುವ ಅರಣ್ಯ ರಕ್ಷಕರೊಬ್ಬರು ಸುಟ್ಟುಹೋದರು. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದವರು ಹುಲ್ಲಿನ ಬೆಂಕಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಬೇಸಿಗೆಯಲ್ಲಿ ತಡಿಯಂಡಮೋಳು ಹತ್ತಲು ಬಿಡುವುದಿಲ್ಲ ಅಂತ ಬೇಸರಪಡುವವರಿಗೆ ನಾನು ಹೇಳುವುದು ಕುರಂಗಣಿಯ ಮಾತನ್ನೇ. ಇಳಿಜಾರಿನ ಒಣಹುಲ್ಲಲ್ಲಿ ಕೆಳಗಿನಿಂದ ಬರುವ ಬೆಂಕಿಯ ಮುಂದೆ ಮೇಲಕ್ಕೆ ಓಡಿ ಗೆಲ್ಲಲು ಯಾರಿಂದಲೂ ಆಗದು. 2019ರಲ್ಲಿ ಬಂಡೀಪುರ ಮತ್ತೆ ಉರಿದಾಗ ವಾಯುಪಡೆಯ ಹೆಲಿಕಾಪ್ಟರ್ ನೀರು ಸುರಿಯಬೇಕಾಯಿತು.

ಕಸದ ವಿಷಯಕ್ಕೂ ನಿಯಮ ಇದೆ. 2016ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಡುವುದನ್ನು ನಿಷೇಧಿಸಿತು. ದಂಡ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000.

ಬೆಂಕಿ ದಾಟಿ ಹೋಗದ ಹಾಗೆ ಮೊದಲೇ ಸುಟ್ಟು ತೆರವು ಮಾಡುವ ಪಟ್ಟಿಗೆ ಬೆಂಕಿ ರೇಖೆ ಅನ್ನುತ್ತಾರೆ. ಅದನ್ನು ಮಾಡುವುದನ್ನು ಒಮ್ಮೆಯಾದರೂ ಹತ್ತಿರದಿಂದ ನೋಡಬೇಕು. ಮೊದಲು ದಾರಿಯ ಎರಡೂ ಬದಿಯ ಲಂಟಾನ ಕಡಿಯುತ್ತಾರೆ. ನಾಲ್ಕು ದಿನ ಬಿಸಿಲಿಗೆ ಬಿಡುತ್ತಾರೆ. ಆಮೇಲೆ ಬೆಳಗಿನ ಇಬ್ಬನಿ ಇರುವಾಗಲೋ, ಸಂಜೆ ಗಾಳಿ ತಗ್ಗಿದ ಮೇಲೋ ಸ್ವಲ್ಪ ಸ್ವಲ್ಪವೇ ಸುಡುತ್ತಾರೆ. ಒಬ್ಬ ಬೆಂಕಿ ಕೊಡುತ್ತಾ ಹೋದರೆ ಹಿಂದೆ ನಾಲ್ಕೈದು ಜನ ಹಸಿ ಸೊಪ್ಪಿನ ಕೊಂಬೆ ಹಿಡಿದು ಅಂಚನ್ನು ಬಡಿಯುತ್ತಾರೆ. ಈಗ ಎಲೆ ಹಾರಿಸುವ ಬ್ಲೋವರ್ ಬೆನ್ನಿಗೆ ಬಂದಿದೆ, ಕೆಲಸ ಹಗುರಾಗಿದೆ. ಆದರೂ ಒಣಮರದ ಪೊಟರೆಗೆ ಕಿಡಿ ಹೋಯಿತಾ ಅಂತ ನೋಡಲು ಕಣ್ಣೇ ಬೇಕು. ಉಪಗ್ರಹದ ಎಚ್ಚರಿಕೆ ಈಗ ಮೊಬೈಲಿಗೇ ಬರುತ್ತದೆ. ಅದರ ಒಂದು ಚುಕ್ಕಿ ಅಂದರೆ ನೆಲದ ಮೇಲೆ 375 ಮೀಟರ್ ಉದ್ದಗಲ. ಆ ಚೌಕದೊಳಗೆ ಬೆಂಕಿ ಹಳ್ಳದ ಈಚೆಗಿದೆಯಾ, ಆಚೆಗಿದೆಯಾ ಅನ್ನುವುದು ಕಾಡಿನ ಜನರ ಹಾಡಿಯಿಂದ ಫೈರ್ ವಾಚರ್ ಆಗಿ ಬಂದ ಹುಡುಗನಿಗೆ ಹೊಗೆ ನೋಡಿದರೇ ಗೊತ್ತು. ಅವನಿಗೆ ಕೆಲಸ ಬೇಸಿಗೆಯ ಕೆಲವೇ ತಿಂಗಳು, ದಿನಗೂಲಿ ಮೇಲೆ. ಇದು ನನಗೆ ಸರಿ ಕಾಣುವುದಿಲ್ಲ. ಎಲ್ಲಿ, ಯಾವಾಗ ಸುಡಬೇಕು ಅಂತ ಯೋಜನೆ ಮಾಡುವಾಗಲೇ ಅವನನ್ನೂ ಅವನ ಅಜ್ಜನನ್ನೂ ಕೂರಿಸಿಕೊಂಡು ಕೇಳಬೇಕು.

ನಮ್ಮ ಬಾಣೆಯಲ್ಲೂ ಒಮ್ಮೆ ಆಯಿತು. ಮಾರ್ಚ್ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಬೇಲಿ ಬದಿಯ ಕಸಕ್ಕೆ ಬೆಂಕಿ ಕೊಟ್ಟು ಊಟಕ್ಕೆ ಒಳಗೆ ಹೋಗಿದ್ದೆವು. ಕೈ ತೊಳೆದು ಬರುವಷ್ಟರಲ್ಲಿ ಸಿಲ್ವರ್ ಓಕ್ ಎಲೆಗೆ ಹತ್ತಿ ಕಾಫಿ ಗಿಡದ ಬುಡಕ್ಕೆ ಬಂದಿತ್ತು. ಸ್ಪ್ರಿಂಕ್ಲರ್ ಪೈಪು ಜೋಡಿಸಿಟ್ಟಿದ್ದರಿಂದ ನಲವತ್ತು ಗಿಡಕ್ಕೆ ನಿಂತಿತು. ಆಚೆ ಬದಿಯಲ್ಲೇ ದೇವರಕಾಡು. ಅಜ್ಜಿ ಆ ದಿನ ಊಟ ಮಾಡಲಿಲ್ಲ.

ಹೊಗೆ ಕಂಡರೆ ಕೂಡಲೇ 112ಕ್ಕೆ ಫೋನ್ ಮಾಡಿ. ಬರೀ ಊರಿನ ಹೆಸರು ಹೇಳಿದರೆ ಸಾಲದು. ಯಾವ ಕೆರೆ ಹತ್ತಿರ, ಗಾಳಿ ಯಾವ ಕಡೆಗೆ, ಜೀಪು ಎಲ್ಲಿಯವರೆಗೆ ಬರುತ್ತದೆ ಅಂತ ಹೇಳಿ. ಆಮೇಲೆ ದಾರಿ ತೋರಿಸಲು ರಸ್ತೆ ಬದಿಗೆ ಬಂದು ನಿಲ್ಲಿ.