ಕಣ್ಣಿನ ಹಳೆಯ ಫೋಟೋ ಎಸೆಯಬೇಡಿ

ಹೊರರೋಗಿ ವಿಭಾಗದಲ್ಲಿ ಕುಳಿತಾಗ ನಾನು ಪ್ರತಿದಿನ ಕೇಳುವ ಪ್ರಶ್ನೆ ಒಂದಿದೆ: 'ಹಿಂದಿನ ಸಲ ತೆಗೆಸಿದ ರೆಟಿನಾ ಫೋಟೋ ಎಲ್ಲಿ?' ಉತ್ತರಗಳೂ ನನಗೆ ಬಾಯಿಪಾಠವಾಗಿವೆ. 'ನಾರ್ಮಲ್ ಎಂದಿದ್ದರು ಸಾರ್, ಅದಕ್ಕೇ ಇಟ್ಟುಕೊಳ್ಳಲಿಲ್ಲ.' 'ಮನೆ ಬದಲಾಯಿಸುವಾಗ ಎಲ್ಲೋ ಹೋಯಿತು.' 'ಹಳೆಯದು ಯಾಕೆ ಡಾಕ್ಟರೇ, ಹೊಸದು ತೆಗೆದರಾಯಿತಲ್ಲ?' ಔಷಧದ ಅಂಗಡಿಯ ರಸೀದಿಗಳು ಇರುತ್ತವೆ, ವಿಮೆಯ ಕಾಗದಗಳೂ ಇರುತ್ತವೆ. ಕಣ್ಣಿನ ಒಳಗೆ ಬೆಳಕನ್ನು ಗ್ರಹಿಸುವ ಹಿಂಭಾಗದ ಪದರದ, ಅಂದರೆ ರೆಟಿನಾದ, ಚಿತ್ರ ಮಾತ್ರ ಇರುವುದಿಲ್ಲ. ನಾರ್ಮಲ್ ಎಂದು ಎಸೆದ ಆ ಚಿತ್ರವೇ ನನಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದದ್ದು ಎಂದು ಹೇಳಿದರೆ ಬಹಳಷ್ಟು ಮಂದಿ ನಂಬುವುದಿಲ್ಲ. ಆದ್ದರಿಂದ ಇಲ್ಲಿ ಅದೊಂದನ್ನೇ ವಿವರವಾಗಿ ಹೇಳುತ್ತೇನೆ.

ಒಂದು ಫೋಟೋ ಇವತ್ತಿನ ಸ್ಥಿತಿಯನ್ನು ಹೇಳುತ್ತದೆ. ನಾಳೆ ಏನಾಗಬಹುದು ಎಂದು ಅಂದಾಜು ಮಾಡಲು ಬದಲಾವಣೆಯ ವೇಗ ಗೊತ್ತಾಗಬೇಕು. ವೇಗ ಗೊತ್ತಾಗಬೇಕಾದರೆ ಕನಿಷ್ಠ ಎರಡು ಚಿತ್ರಗಳು ಬೇಕು, ಅವುಗಳ ನಡುವೆ ಕಾಲ ಕಳೆದಿರಬೇಕು. ಮಾತು ಇಷ್ಟೇ. ಆದರೂ ಓದುಬರಹ ಬಲ್ಲವರು, ಇಂಜಿನಿಯರುಗಳು, ಬ್ಯಾಂಕಿನ ವ್ಯವಸ್ಥಾಪಕರು ಕೂಡ ಪ್ರತಿ ತಪಾಸಣೆಯನ್ನೂ ಹೊಸ ಪರೀಕ್ಷೆಯೆಂದೇ ಭಾವಿಸಿ ಬರಿಗೈಯಲ್ಲಿ ಬರುತ್ತಾರೆ.

ದೃಷ್ಟಿನರ ಮೆಲ್ಲಗೆ ಹಾಳಾಗುವ ಕಾಯಿಲೆಯಾದ ಗ್ಲಾಕೋಮಾವನ್ನೇ ನೋಡಿ. ಕಣ್ಣಿನ ಹಿಂಭಾಗದಲ್ಲಿ ದೃಷ್ಟಿನರ ಹೊರಡುವ ಜಾಗದ ನಡುವೆ ಒಂದು ಸಣ್ಣ ಗುಳಿ ಇರುತ್ತದೆ. ಅದಕ್ಕೆ ಕಪ್ ಎನ್ನುತ್ತೇವೆ. ನರದ ಎಳೆಗಳು ಸಾಯುತ್ತ ಹೋದಂತೆ ಈ ಗುಳಿ ಅಗಲವಾಗುತ್ತದೆ. ಆದರೆ ಕೆಲವರಿಗೆ ಹುಟ್ಟಿನಿಂದಲೇ ಗುಳಿ ದೊಡ್ಡದಿರುತ್ತದೆ. ಅವರಿಗೆ ಯಾವ ರೋಗವೂ ಇರುವುದಿಲ್ಲ. ಒಂದೇ ಚಿತ್ರ ನೋಡಿ ಇವೆರಡನ್ನು ಬೇರ್ಪಡಿಸುವುದು ಎಷ್ಟೋ ಸಲ ಸಾಧ್ಯವೇ ಆಗುವುದಿಲ್ಲ. ರೆಟಿನಾದ ಪದರಗಳನ್ನು ಬೆಳಕಿನಿಂದ ಸ್ಕ್ಯಾನ್ ಮಾಡುವ ಓಸಿಟಿ ಯಂತ್ರ ಕೊಡುವ ಕಾಗದದಲ್ಲಿ ಹಸಿರು, ಹಳದಿ, ಕೆಂಪು ಬಣ್ಣಗಳಿರುತ್ತವೆ. ಕೆಂಪು ಕಂಡ ಕೂಡಲೇ ಜನರ ಮುಖ ಬಾಡುತ್ತದೆ. ಯಂತ್ರ ತನ್ನೊಳಗೆ ತುಂಬಿಸಿರುವ ಆರೋಗ್ಯವಂತರ ಸರಾಸರಿಯೊಂದಿಗೆ ನಿಮ್ಮನ್ನು ಹೋಲಿಸಿ ಆ ಬಣ್ಣ ಹಚ್ಚುತ್ತದೆ. ಮೈನಸ್ ನಂಬರ್ ಹೆಚ್ಚಿರುವವರ ಕಣ್ಣು ಉದ್ದವಾಗಿರುವುದರಿಂದ ಅವರು ಆ ಸರಾಸರಿಯಿಂದ ಹೊರಗೆ ಬೀಳುತ್ತಾರೆ. ರೋಗವಿಲ್ಲದಿದ್ದರೂ ಕೆಂಪು ಬರಬಹುದು. ಐದಾರು ವರ್ಷಗಳ ಹಿಂದಿನ ಚಿತ್ರವೊಂದಿದ್ದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಇಲ್ಲವಾದರೆ ತಿಂಗಳುಗಟ್ಟಲೆ ಪರೀಕ್ಷೆಗಳನ್ನು ಮತ್ತೆ ಮತ್ತೆ ಮಾಡುತ್ತ ಕಾಯಬೇಕು, ಅಥವಾ ಅಪಾಯ ಬೇಡವೆಂದು ಹನಿ ಔಷಧ ಶುರುಮಾಡಬೇಕು.

ಅಂಥ ಹನಿಯನ್ನು ವರ್ಷಗಟ್ಟಲೆ ಹಾಕಿಕೊಳ್ಳುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ನನ್ನ ಬಳಿಗೆ ಬಂದಿದ್ದರು. ದಪ್ಪ ಕನ್ನಡಕ, ಕೆಂಪು ಬಣ್ಣದ ಓಸಿಟಿ, ಮನಸ್ಸಿನಲ್ಲಿ ಕುರುಡಾಗುವ ಭಯ. ಹಳೆಯ ಫೋಟೋ ಕೇಳಿದೆ. ಇಲ್ಲವೆಂದರು. ಮಾತಿನ ನಡುವೆ ಊರಿನ ಜಮೀನಿನ ವಿಷಯ ಬಂತು. ತಂದೆಯ ಕಾಲದ ಪಹಣಿ, ಕಂದಾಯದ ರಸೀದಿಗಳು ಎಲ್ಲವೂ ಟ್ರಂಕಿನಲ್ಲಿ ಭದ್ರವಾಗಿವೆ ಎಂದರು. 'ಮೇಷ್ಟ್ರೇ, ಪಹಣಿಯನ್ನು ಜೋಪಾನ ಮಾಡಿದ ಹಾಗೆಯೇ ಕಣ್ಣಿನ ಚಿತ್ರವನ್ನೂ ಇಟ್ಟುಕೊಂಡಿದ್ದರೆ ನಿಮ್ಮ ಭಯ ಇವತ್ತೇ ಮುಗಿಯುತ್ತಿತ್ತು' ಎಂದೆ. ಅವರು ಮನೆಗೆ ಹೋಗಿ ಮಗನಿಗೆ ಹೇಳಿ ಹುಡುಕಿಸಿದರು. ಹಿಂದೊಮ್ಮೆ ಬೇರೆ ಊರಿನಲ್ಲಿ ತೆಗೆಸಿದ್ದ ಫಂಡಸ್ ಫೋಟೋ, ಅಂದರೆ ಕಣ್ಣಿನ ಹಿಂಭಾಗದ ಚಿತ್ರ, ಮಗನ ಕಂಪ್ಯೂಟರಿನಲ್ಲಿ ಸಿಕ್ಕಿತು. ದೃಷ್ಟಿನರ ಆಗ ಹೇಗಿತ್ತೋ ಈಗಲೂ ಹಾಗೆಯೇ ಇತ್ತು. ಕಣ್ಣಿನ ಒತ್ತಡ, ಸುತ್ತಲಿನ ನೋಟ ಅಳೆಯುವ ಫೀಲ್ಡ್ ಪರೀಕ್ಷೆ ಎಲ್ಲವನ್ನೂ ನೋಡಿದ ಬಳಿಕ ಹನಿ ನಿಲ್ಲಿಸಿ ನಿಗಾ ಇಟ್ಟೆವು. ಓದುಗರು ಇದನ್ನು ನೋಡಿ ತಮ್ಮ ಹನಿಯನ್ನು ತಾವೇ ನಿಲ್ಲಿಸಬಾರದು. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಮರಳುವುದಿಲ್ಲ. ಬಹುಪಾಲು ಜನರಿಗೆ ಹನಿ ನಿಜಕ್ಕೂ ಬೇಕಾಗಿರುತ್ತದೆ.

ಈ ನಿರ್ಲಕ್ಷ್ಯ ಎಲ್ಲಿಂದ ಬಂತೆಂದು ಯೋಚಿಸಿದ್ದೇನೆ. ನಮ್ಮ ನಾಡಿನಲ್ಲಿ ಕಣ್ಣಿನ ಕಾಯಿಲೆ ಎಂದರೆ ಮೊದಲು ನೆನಪಾಗುವುದು ಪೊರೆ. ಡಾ. ಎಂ. ಸಿ. ಮೋದಿಯವರು ಊರೂರಿನ ಶಿಬಿರಗಳಲ್ಲಿ ಸಾಲುಸಾಲಾಗಿ ಶಸ್ತ್ರಚಿಕಿತ್ಸೆ ಮಾಡಿ ಜನರಿಗೆ ಬೆಳಕು ಕೊಟ್ಟರು. ಕಣ್ಣು ಮಂಜಾದರೆ ಆಸ್ಪತ್ರೆಗೆ ಹೋಗಬೇಕು, ಹೋದರೆ ದೃಷ್ಟಿ ಮರಳುತ್ತದೆ ಎಂಬ ನಂಬಿಕೆ ಹಳ್ಳಿಹಳ್ಳಿಗೆ ತಲುಪಿದ್ದು ಅಂಥವರಿಂದ. ಆ ಋಣ ದೊಡ್ಡದು. ಆದರೆ ಪೊರೆಗೆ ಇತಿಹಾಸ ಬೇಕಾಗಿಲ್ಲ. ಬಲಿತ ಪೊರೆಯನ್ನು ತೆಗೆದು ಮಸೂರ ಕೂರಿಸಿದರೆ ಅದರ ಹಿಂದಿನ ಕಥೆ ಯಾರಿಗೂ ಬೇಡ. ರೆಟಿನಾ ಹಾಗಲ್ಲ. ಅದು ಮಿದುಳಿನ ಜೊತೆ ಬೆಳೆದ ನರಪದರ. ಅಲ್ಲಿ ಸತ್ತ ಜೀವಕೋಶ ಮರಳಿ ಹುಟ್ಟುವುದಿಲ್ಲ. ಆದ್ದರಿಂದ ನಮ್ಮ ಕೆಲಸದ ಹೆಚ್ಚು ಭಾಗ ದೃಷ್ಟಿ ಹೋಗುವ ಮೊದಲೇ ಅದರ ಸುಳಿವು ಹಿಡಿಯುವುದರಲ್ಲಿದೆ.

ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ಈ ಸುಳಿವನ್ನು ಫೋಟೋಗಳೇ ಕಲಿಸಿಕೊಟ್ಟವು. 1980ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ಇಟಿಡಿಆರ್‌ಎಸ್ ಎಂಬ ಅಧ್ಯಯನದಲ್ಲಿ 3,711 ರೋಗಿಗಳ ರೆಟಿನಾವನ್ನು ಮತ್ತೆ ಮತ್ತೆ ಚಿತ್ರಿಸಿ, ಚಿತ್ರಗಳನ್ನು ಕಾದಿಟ್ಟು ಹೋಲಿಸಿದರು. ನಾಲ್ಕೂ ಭಾಗಗಳಲ್ಲಿ ಹೆಚ್ಚಿನ ರಕ್ತಸ್ರಾವದ ಚುಕ್ಕೆಗಳು, ಅಥವಾ ಎರಡು ಭಾಗಗಳಲ್ಲಿ ಮಣಿಸರದಂತೆ ಉಬ್ಬಿದ ಅಭಿಧಮನಿಗಳು, ಅಥವಾ ಒಂದೇ ಭಾಗದಲ್ಲಾದರೂ ಎದ್ದುಕಾಣುವ ಅಸಹಜ ಕವಲು ರಕ್ತನಾಳಗಳು ಕಂಡರೆ ರೋಗ ತೀವ್ರ ಹಂತಕ್ಕೆ ಬಂದಿದೆ ಎಂದರ್ಥ. ಆ ಹಂತದ ಸುಮಾರು ಅರ್ಧದಷ್ಟು ಜನರಲ್ಲಿ ಒಂದು ವರ್ಷದೊಳಗೆ ಹೊಸ ದುರ್ಬಲ ರಕ್ತನಾಳಗಳು ಹುಟ್ಟಿಕೊಳ್ಳುತ್ತವೆ. ಕಣ್ಣೊಳಗೆ ರಕ್ತ ಸುರಿಸುವುದು, ರೆಟಿನಾವನ್ನು ಎಳೆದು ಬಿಡಿಸುವುದು ಅವೇ. ಗಮನಿಸಿ, ಆ ಹಂತದಲ್ಲಿ ರೋಗಿ ಕೊನೆಯ ಸಾಲಿನ ಅಕ್ಷರವನ್ನೂ ಸಲೀಸಾಗಿ ಓದುತ್ತಿರಬಹುದು. ಕನ್ನಡಕದ ಅಂಗಡಿಯಲ್ಲಿ 6/6 ಬಂದಿತೆಂದು ಸಮಾಧಾನಪಡುವವರಿಗೆ ಇದಕ್ಕಿಂತ ಹೆಚ್ಚು ಹೇಳಲು ನನ್ನಲ್ಲಿ ತಾಳ್ಮೆ ಉಳಿದಿಲ್ಲ.

ಇಂಗ್ಲೆಂಡಿನಲ್ಲಿ 2003ರಿಂದ ಸಕ್ಕರೆ ಕಾಯಿಲೆಯವರನ್ನು ನಿಯಮಿತವಾಗಿ ಕರೆಸಿ ರೆಟಿನಾ ಫೋಟೋ ತೆಗೆಯುವ ರಾಷ್ಟ್ರೀಯ ಕಾರ್ಯಕ್ರಮವಿದೆ. ಕರೆ ಮನೆಗೆ ಬರುತ್ತದೆ, ಚಿತ್ರ ದಾಖಲೆಯಲ್ಲಿ ಉಳಿಯುತ್ತದೆ. 2009-10ರ ಲೆಕ್ಕದಲ್ಲಿ, ಐದು ದಶಕಗಳಲ್ಲಿ ಮೊದಲ ಬಾರಿಗೆ, ಇಂಗ್ಲೆಂಡ್ ಮತ್ತು ವೇಲ್ಸ್‌ನ ದುಡಿಯುವ ವಯಸ್ಸಿನವರಲ್ಲಿ ಅಂಧತ್ವಕ್ಕೆ ಸಕ್ಕರೆ ಕಾಯಿಲೆ ಮೊದಲ ಕಾರಣವಾಗಿ ಉಳಿದಿರಲಿಲ್ಲ. ಇದರಲ್ಲಿ ಸಕ್ಕರೆಯ ನಿಯಂತ್ರಣ ಸುಧಾರಿಸಿದ್ದರ ಪಾಲೂ ಇರಬಹುದು. ನಮ್ಮಲ್ಲಿ ಅಂಥ ಕರೆ ಬರುವುದಿಲ್ಲ. ಇಲ್ಲಿ ದಾಖಲೆ ಕಾಯುವ ಕೆಲಸ ರೋಗಿಯ ಮನೆಯವರದೇ.

ಹಳೆಯ ಚಿತ್ರ ತಂದವರಿಗೂ ಒಂದು ಮಾತು ಹೇಳಬೇಕು, ಏಕೆಂದರೆ ಇದರಿಂದ ವೃಥಾ ಜಗಳಗಳಾಗುತ್ತವೆ. ರೆಟಿನಾದ ನಡುಭಾಗವಾದ ಮ್ಯಾಕ್ಯುಲಾದ ಊತಕ್ಕೆ ಚುಚ್ಚುಮದ್ದು ತೆಗೆದುಕೊಂಡ ಮಹಿಳೆಯೊಬ್ಬರು ಎರಡು ಓಸಿಟಿ ಕಾಗದಗಳನ್ನು ಮೇಜಿನ ಮೇಲಿಟ್ಟು, 'ಮೊದಲಿಗಿಂತ 60 ಮೈಕ್ರಾನ್ ಜಾಸ್ತಿಯಾಗಿದೆ, ದುಡ್ಡು ನೀರಿಗೆ ಹಾಕಿದ ಹಾಗಾಯಿತು' ಎಂದು ಕಣ್ಣೀರು ಹಾಕಿದರು. ಮೊದಲನೆಯದು ಹಳೆಯ ತಲೆಮಾರಿನ ಯಂತ್ರದ್ದು, ಎರಡನೆಯದು ಹೊಸದರದ್ದು. ಆ ಅಂಕಿ ರೆಟಿನಾದ ದಪ್ಪ, ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ದಪ್ಪ ಅಳೆಯುವಾಗ ರೆಟಿನಾದ ಕೆಳ ಅಂಚು ಯಾವುದು ಎಂಬ ಬಗ್ಗೆ ಯಂತ್ರಗಳಲ್ಲೇ ಒಮ್ಮತವಿಲ್ಲ. ಹಳೆಯದು ಸ್ವಲ್ಪ ಮೇಲಿನ ಗೆರೆಯವರೆಗೆ ಅಳೆಯುತ್ತಿತ್ತು, ಹೊಸದು ಇನ್ನೂ ಆಳದ ಪದರದವರೆಗೆ ಅಳೆಯುತ್ತದೆ. ಒಂದು ಯಂತ್ರ ಸುಮಾರು 200 ಮೈಕ್ರಾನ್ ಎನ್ನುವ ಆರೋಗ್ಯವಂತ ಮ್ಯಾಕ್ಯುಲಾವನ್ನು ಇನ್ನೊಂದು 270ರ ಆಸುಪಾಸು ಎನ್ನಬಹುದು. ಆ ಮಹಿಳೆಯ ಕಣ್ಣಿನಲ್ಲಿ ನೀರಿನ ಗುಳ್ಳೆಗಳು ಬಹುತೇಕ ಇಂಗಿದ್ದವು. ಚಿತ್ರ ನೋಡಿದರೆ ಅದು ಕಾಣುತ್ತಿತ್ತು, ಅಂಕಿ ನೋಡಿದರೆ ಉಲ್ಟಾ ಕಾಣುತ್ತಿತ್ತು. ಸಾಧ್ಯವಾದಷ್ಟೂ ಒಂದೇ ಕಡೆ, ಒಂದೇ ಯಂತ್ರದಲ್ಲಿ ತೆಗೆಸಿ. ಬದಲಾಯಿಸಲೇಬೇಕಾದರೆ ಅಂಕಿಗಳನ್ನು ನೀವೇ ಕಳೆದು ಕೂಡಿಸಲು ಹೋಗಬೇಡಿ.

ಈಗ ಕೃತಕ ಬುದ್ಧಿಮತ್ತೆಯ ವಿಷಯ. ಕಣ್ಣಿನ ಒಂದು ಫೋಟೋದಿಂದ ಎಲ್ಲ ಭವಿಷ್ಯವೂ ತಿಳಿಯುತ್ತದಂತೆ, ಹಾಗಿರುವಾಗ ಹಳೆಯದೇಕೆ ಎಂದು ವಾದಿಸುವವರು ಹೆಚ್ಚುತ್ತಿದ್ದಾರೆ. ಅವರು ಓದಿದ್ದು ಪೂರ್ತಿ ಸುಳ್ಳಲ್ಲ. ಫಂಡಸ್ ಫೋಟೋಗಳಿಂದ ಡಯಾಬಿಟಿಕ್ ರೆಟಿನೋಪಥಿಯನ್ನು, ಅಂದರೆ ಸಕ್ಕರೆ ಕಾಯಿಲೆಯಿಂದ ರೆಟಿನಾಕ್ಕೆ ಆಗುವ ಹಾನಿಯನ್ನು, ಗುರುತಿಸುವ ಗೂಗಲ್‌ನ ಪ್ರಬಂಧ 2016ರಲ್ಲಿ ಬಂತು. ಅದರಲ್ಲಿ ನಮ್ಮ ದೇಶದ ಅರವಿಂದ ಮತ್ತು ಶಂಕರ ನೇತ್ರಾಲಯ ಆಸ್ಪತ್ರೆಗಳ ಪಾಲೂ ಇತ್ತು. ವೈದ್ಯರಿಲ್ಲದೆಯೇ ನಿರ್ಣಯ ಹೇಳುವ ಮೊದಲ ವ್ಯವಸ್ಥೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಅನುಮತಿ ಕೊಟ್ಟಿತು. ಅದೇ ವರ್ಷ ಗೂಗಲ್‌ನ ತಂಡವೇ ರೆಟಿನಾ ಫೋಟೋದಿಂದಲೇ ವ್ಯಕ್ತಿಯ ವಯಸ್ಸು, ರಕ್ತದೊತ್ತಡ, ಗಂಡೋ ಹೆಣ್ಣೋ ಎಂಬುದನ್ನೂ ಅಂದಾಜಿಸಿ ತೋರಿಸಿತು. ಅನುಭವಿ ವೈದ್ಯರಿಗೂ ಫೋಟೋ ನೋಡಿ ಗಂಡು ಹೆಣ್ಣು ಹೇಳಲಾಗುವುದಿಲ್ಲ. ನನಗೂ ಅಚ್ಚರಿಯಾಯಿತು. ಜನರನ್ನು ಹೆಚ್ಚು ಕಾಡುವ ಪ್ರಶ್ನೆಯ ಬಗ್ಗೆ 2020ರಲ್ಲಿ ಗೂಗಲ್‌ಗೆ ಸೇರಿದ ಕೃತಕ ಬುದ್ಧಿಮತ್ತೆ ಸಂಸ್ಥೆ ಡೀಪ್‌ಮೈಂಡ್ ಮತ್ತು ಲಂಡನ್ನಿನ ಮೂರ್‌ಫೀಲ್ಡ್ಸ್ ಆಸ್ಪತ್ರೆಯವರು ಒಂದು ಕೆಲಸ ಪ್ರಕಟಿಸಿದರು: ಒಂದು ಕಣ್ಣಿಗೆ ಈಗಾಗಲೇ ವಯೋಸಹಜ ಮ್ಯಾಕ್ಯುಲಾ ರೋಗದ ಉಗ್ರ ರೂಪ ಬಂದಿರುವವರಲ್ಲಿ, ಇನ್ನೊಂದು ಕಣ್ಣಿಗೂ ಆರು ತಿಂಗಳೊಳಗೆ ಅದು ಬಂದೀತೇ ಎಂದು ಓಸಿಟಿಯಿಂದ ಮುನ್ಸೂಚಿಸುವುದು.

ಆದರೆ ಆ ಯಂತ್ರ ಮುನ್ಸೂಚನೆಯನ್ನು ಕಲಿತದ್ದು ಹೇಗೆ? ಮೂರ್‌ಫೀಲ್ಡ್ಸ್‌ನಲ್ಲಿ ಸಾವಿರಾರು ರೋಗಿಗಳ ಓಸಿಟಿಗಳು ಸರಣಿಯಾಗಿ ಉಳಿದಿದ್ದವು. ಯಾರಿಗೆ ರೋಗ ಬಂತು, ಬರುವ ಮುಂಚೆ ಅವರ ಚಿತ್ರ ಹೇಗಿತ್ತು ಎಂದು ಹಿಂದಕ್ಕೆ ಹೋಗಿ ನೋಡಲು ಸಾಧ್ಯವಾಯಿತು. ಹಳೆಯ ಚಿತ್ರಗಳನ್ನು ಅಲ್ಲಿಯೂ ಎಸೆದಿದ್ದರೆ ಕಲಿಸಲು ಏನೂ ಇರುತ್ತಿರಲಿಲ್ಲ. ಅಲ್ಲದೆ ಇಂಥ ಮುನ್ಸೂಚನೆಗಳು ಗುಂಪಿನ ಮೇಲೆ ಚೆನ್ನಾಗಿ ನಡೆದರೂ ಒಬ್ಬ ವ್ಯಕ್ತಿಯ ಮಟ್ಟಿಗೆ ತಪ್ಪಬಹುದು. ಹಾಗಾಗಿ ಅವುಗಳನ್ನೇ ನಂಬಿ ಚಿಕಿತ್ಸೆ ಶುರುಮಾಡಲು ನಾನು ಸಿದ್ಧನಿಲ್ಲ.

ಶಿಬಿರಗಳಲ್ಲಿ ಬಳಸುವ ಸಣ್ಣ ಕ್ಯಾಮೆರಾಗಳ ಮೇಲೆ ನನಗೆ ಅಭಿಮಾನವಿದೆ. ಫೋರಸ್‌ನ 3ನೇತ್ರ, ಮೊಬೈಲ್ ಫೋನನ್ನೇ ಕ್ಯಾಮೆರಾ ಮಾಡಿಕೊಂಡ ರೆಮಿಡಿಯೊದ ಸಾಧನ, ಎರಡೂ ಬೆಂಗಳೂರಿನಲ್ಲೇ ರೂಪುಗೊಂಡವು. ನೇತ್ರತಜ್ಞರಿಲ್ಲದ ಊರಿಗೂ ಅವು ಹೋಗುತ್ತವೆ. ಆದರೆ ಅಂಥ ಒಂದು ಚಿತ್ರ ತೋರಿಸುವುದು ಸುಮಾರು 45 ಡಿಗ್ರಿಯಷ್ಟು ಜಾಗವನ್ನು ಮಾತ್ರ. ರೆಟಿನಾದ ಅಂಚಿನಲ್ಲಿ ರಂಧ್ರವಿದ್ದರೆ ಅದು ಚಿತ್ರದ ಹೊರಗೇ ಉಳಿಯುತ್ತದೆ. 'ರೆಫರ್ ಮಾಡುವ ಅಗತ್ಯವಿಲ್ಲ' ಎಂದು ಚೀಟಿಯಲ್ಲಿ ಬಂದರೆ, ಆ ದಿನ, ಆ ಜಾಗದಲ್ಲಿ, ಆ ರೋಗದ ಗಂಭೀರ ಚಿಹ್ನೆ ಕಾಣಲಿಲ್ಲ ಎಂದಷ್ಟೇ ಅರ್ಥ. ಮುಂದಿನ ವರ್ಷ ಮತ್ತೆ ಬರಬೇಕು, ಬರುವಾಗ ಅದನ್ನು ತರಬೇಕು.

ಕಾಲದ ಅಂತರ ವರ್ಷಗಳಿಂದ ವಾರಗಳಿಗೆ ಇಳಿಯುವುದು ಅವಧಿಗೆ ಮುನ್ನ ಹುಟ್ಟಿದ ಕೂಸುಗಳಲ್ಲಿ. ಅವುಗಳ ರೆಟಿನಾದ ರಕ್ತನಾಳಗಳು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ನಮ್ಮ ದೇಶದಲ್ಲಿ 34 ವಾರಕ್ಕೆ ಮೊದಲು ಹುಟ್ಟಿದ ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದ ಶಿಶುವಿನ ರೆಟಿನಾವನ್ನು ಹುಟ್ಟಿದ 30 ದಿನಗಳೊಳಗೆ ನೋಡಬೇಕು. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಿಂದ ಶುರುವಾದ ಕಿಡ್ರಾಪ್ ಕಾರ್ಯಕ್ರಮದಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ, ಚಿತ್ರಗಳನ್ನು ತಜ್ಞರು ದೂರದಿಂದಲೇ ನೋಡುತ್ತಾರೆ. ರಕ್ತನಾಳಗಳು ಹಿಂದಿನ ಸಲಕ್ಕಿಂತ ಅಂಚಿನ ಕಡೆಗೆ ಬೆಳೆದಿವೆಯೇ, ಸೊಟ್ಟಗೆ ತಿರುಚಿಕೊಂಡಿವೆಯೇ ಎಂಬುದರ ಮೇಲೆ ಲೇಸರ್ ಬೇಕೇ ಬೇಡವೇ ಎಂಬುದು ನಿಂತಿರುತ್ತದೆ. ಮೊದಲ ಸಲ ಸರಿಯಿದೆ ಎಂದರೆಂದು ಎರಡನೆಯ ತಪಾಸಣೆಗೆ ಬಾರದ ತಾಯಂದಿರನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ. ಹಸಿ ಬಾಣಂತಿ, ಒಂದೂವರೆ ಕಿಲೋದ ಕೂಸು, ಎರಡು ಬಸ್ಸು ಬದಲಾಯಿಸುವ ದಾರಿ. ಮನೆಯ ಹಿರಿಯರಿಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಆ ಎರಡನೆಯ ಭೇಟಿಯನ್ನು ತಪ್ಪಿಸಬೇಡಿ.

ಓದಲು ಬಾರದ ಅಜ್ಜಿಯೊಬ್ಬರು ನನ್ನ ಬಳಿ ಬರುತ್ತಾರೆ. ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಎಲ್ಲ ಓಸಿಟಿ ಕಾಗದಗಳನ್ನೂ ಮೊಮ್ಮಗಳ ಕೈಯಿಂದ ತಾರೀಖಿನ ಕ್ರಮದಲ್ಲಿ ಜೋಡಿಸಿಟ್ಟಿದ್ದಾರೆ. ಅವರ ಬಲಗಣ್ಣು ಮ್ಯಾಕ್ಯುಲಾ ರೋಗದಿಂದ ಹೋಗಿದೆ. ಎಡಗಣ್ಣಿನಲ್ಲಿ ಕೊಬ್ಬಿನಂಥ ಹಳದಿ ಗಂಟುಗಳು ಭೇಟಿಯಿಂದ ಭೇಟಿಗೆ ಸ್ವಲ್ಪ ಸ್ವಲ್ಪವೇ ಎತ್ತರವಾಗುವುದು ಆ ಚೀಲದ ಕಾಗದಗಳಲ್ಲಿ ಸ್ಪಷ್ಟವಾಗಿತ್ತು. ಹಾಗಾಗಿ ಅವರನ್ನು ಬೇಗ ಬೇಗ ಕರೆಸುತ್ತಿದ್ದೆ. ಒಂದು ಸಲ ಕೂದಲೆಳೆಯಷ್ಟು ನೀರು ಕಂಡಿತು, ಅದೇ ವಾರ ಚುಚ್ಚುಮದ್ದು ಕೊಟ್ಟೆವು. ಈಗಲೂ ಅವರು ಅಕ್ಕಿಯಲ್ಲಿನ ಕಲ್ಲು ಆರಿಸುತ್ತಾರೆ.

ಇನ್ನು, ಏನನ್ನು ಕೇಳಿ ತೆಗೆದುಕೊಳ್ಳಬೇಕು ಎಂಬುದು. ವರದಿಯ ಸಾಲುಗಳು ಸಾಲವು, ಚಿತ್ರದ ಫೈಲೇ ಬೇಕು. ಕಪ್ಪುಬಿಳುಪು ಜೆರಾಕ್ಸ್ ಉಪಯೋಗಕ್ಕೆ ಬರುವುದಿಲ್ಲ. ಪರದೆಯ ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸೂಕ್ಷ್ಮಗಳು ಅಳಿಸಿಹೋಗುತ್ತವೆ. ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ ಅಥವಾ ಇಮೇಲ್‌ಗೆ ತರಿಸಿಕೊಳ್ಳಿ. ತಾರೀಖು, ಎಡಗಣ್ಣೋ ಬಲಗಣ್ಣೋ, ಯಾವ ಯಂತ್ರ ಎಂಬುದು ಅದರಲ್ಲಿರಲಿ. ಆಗಿನ ಮೂರು ತಿಂಗಳ ಸಕ್ಕರೆಯ ಸರಾಸರಿ ಮತ್ತು ರಕ್ತದೊತ್ತಡವನ್ನು ಜೊತೆಗೆ ಬರೆದಿಟ್ಟರೆ ಇನ್ನೂ ಒಳ್ಳೆಯದು. ಕೊಡುವುದಿಲ್ಲ ಎಂದರೆ ಸುಮ್ಮನಾಗಬೇಡಿ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳ ಪ್ರಕಾರ ರೋಗಿ ಕೇಳಿದರೆ ದಾಖಲೆಗಳನ್ನು 72 ಗಂಟೆಗಳೊಳಗೆ ಕೊಡಬೇಕು. ಅದೇ ನಿಯಮ ವೈದ್ಯರು ಒಳರೋಗಿಯ ದಾಖಲೆ ಕಾಯಬೇಕಾದ ಅವಧಿಯನ್ನು ಮೂರು ವರ್ಷ ಎನ್ನುತ್ತದೆ. ಸಕ್ಕರೆ ಕಾಯಿಲೆ, ಗ್ಲಾಕೋಮಾ ಇಪ್ಪತ್ತು ಮೂವತ್ತು ವರ್ಷ ಜೊತೆಗಿರುವಂಥವು. ಆಸ್ಪತ್ರೆಯಲ್ಲಿ ಇದ್ದೇ ಇರುತ್ತದೆ ಎಂಬ ಭರವಸೆಯ ಮೇಲೆ ಕೂರಬೇಡಿ.

ಇದಕ್ಕೆಲ್ಲ ಒಂದು ಅಪವಾದವಿದೆ. ಕಣ್ಣ ಮುಂದೆ ಇದ್ದಕ್ಕಿದ್ದಂತೆ ಮಿಂಚು ಹೊಡೆದ ಹಾಗಾದರೆ, ಕಪ್ಪು ಚುಕ್ಕೆಗಳ ಮಳೆ ಸುರಿದಂತಾದರೆ, ಒಂದು ಬದಿಯಿಂದ ಪರದೆ ಇಳಿದ ಹಾಗೆ ಕಂಡರೆ, ಅಥವಾ ನೇರ ಗೆರೆ ಸೊಟ್ಟಗೆ ಕಾಣತೊಡಗಿದರೆ ಹಳೆಯ ಫೋಟೋ ಹುಡುಕುತ್ತ ಒಂದು ದಿನವನ್ನೂ ಕಳೆಯಬೇಡಿ. ಬರಿಗೈಯಲ್ಲೇ ಹತ್ತಿರದ ರೆಟಿನಾ ವೈದ್ಯರಲ್ಲಿಗೆ ಅದೇ ದಿನ ಹೋಗಿ. ಕಾಗದಗಳನ್ನು ಮನೆಯವರು ಮರುದಿನ ತಂದರೂ ನಡೆಯುತ್ತದೆ.