ಮಾತು ನಿಲ್ಲುವಷ್ಟು ವೇಗ ಬೇಡ

"ಹಾರ್ಟ್ ವೀಕ್ ಉಂಟು ಅಂತ ಡಾಕ್ಟ್ರು ಹೇಳಿದ್ದಾರೆ. ಇನ್ನು ವ್ಯಾಯಾಮ ಎಲ್ಲ ಮಾಡ್ಲಿಕ್ಕುಂಟಾ?" ಉಡುಪಿಯಲ್ಲಿ ಫಿಸಿಯೋಥೆರಪಿ ಮಾಡುವ ನನಗೆ ಎಪ್ಪತ್ತು ದಾಟಿದವರು ಕೇಳುವ ಮೊದಲ ಪ್ರಶ್ನೆ ಇದು. ಮನೆಯವರ ಹೆದರಿಕೆ ಇನ್ನೂ ಜಾಸ್ತಿ. ಅಜ್ಜ ನೀರು ಕುಡಿಯಲು ಎದ್ದರೂ ಬಿಡುವುದಿಲ್ಲ, ಕೂತಲ್ಲಿಗೇ ತಂದುಕೊಡುತ್ತಾರೆ.

ಹಾರ್ಟ್ ವೀಕ್ ಅಂತ ಇವರು ಹೇಳುವ ಹಾರ್ಟ್ ಫೇಲ್ಯೂರ್ ಅಂದರೆ ಹೃದಯ ನಿಂತುಹೋಗುವುದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತ ಕಳಿಸಲು ಅದು ಕಷ್ಟಪಡುತ್ತಿದೆ ಅಂತ. ಆದರೆ ದಮ್ಮು ಕಟ್ಟುವುದಕ್ಕೆ ಹೃದಯ ಒಂದೇ ಕಾರಣ ಅಲ್ಲ. ಕೂತು ಕೂತು ಕಾಲಿನ ಮಾಂಸಖಂಡ ಸೊರಗಿರುತ್ತದೆ. ಬಂದ ಆಮ್ಲಜನಕವನ್ನು ಸರಿಯಾಗಿ ಬಳಸಿಕೊಳ್ಳಲೂ ಅದಕ್ಕೆ ಆಗುವುದಿಲ್ಲ. ನಾಲ್ಕು ಮೆಟ್ಟಿಲಿಗೇ ಏದುಸಿರು ಬರುತ್ತದೆ. ಕಾಲಿನ ಈ ಬಲವನ್ನು ಮರಳಿ ಗಳಿಸಬಹುದು. ಅಮೆರಿಕದಲ್ಲಿ ಹಾರ್ಟ್ ಫೇಲ್ಯೂರ್‌ನಿಂದ ಆಸ್ಪತ್ರೆ ಸೇರಿದ್ದ 349 ಹಿರಿಯರ ಮೇಲೆ ನಡೆದ ರಿಹ್ಯಾಬ್-ಎಚ್‌ಎಫ್ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಬಲ, ಸಮತೋಲನ, ನಡಿಗೆ, ತಾಳಿಕೆಯ ತರಬೇತಿ ಪಡೆದವರ ಓಡಾಟ ಮೂರು ತಿಂಗಳಲ್ಲಿ ಚೆನ್ನಾಗಿ ಸುಧಾರಿಸಿತ್ತು. ಮತ್ತೆ ಆಸ್ಪತ್ರೆ ಸೇರುವುದು ಸ್ಪಷ್ಟವಾಗಿ ಕಡಿಮೆಯಾಗಲಿಲ್ಲ, ಅದನ್ನೂ ಹೇಳಬೇಕು. ಆದರೆ ಯಾರ ಕೈಯನ್ನೂ ಹಿಡಿಯದೆ ಬಚ್ಚಲಿಗೆ ಹೋಗಿ ಬರುವುದು ಸಣ್ಣ ವಿಷಯವಾ?

ಇಂಥವರಿಗಾಗಿ ನಾನು ನಡೆಸುವ ವ್ಯಾಯಾಮದ ಗುಂಪಿನ ಮುಖ್ಯ ಸಲಕರಣೆ ಕುರ್ಚಿ. ಡಾಕ್ಟರ ಒಪ್ಪಿಗೆ ಇದ್ದವರಿಗೆ ಮಾತ್ರ ಪ್ರವೇಶ. ಮೊದಲ ಹತ್ತು ನಿಮಿಷ ನಿಧಾನಕ್ಕೆ ಕೈಕಾಲು ಆಡಿಸುವುದು. ಆಮೇಲೆ ಕುರ್ಚಿಯಿಂದ ಏಳುವುದು, ಕೂರುವುದು. ಏಳುವಾಗ ಉಸಿರು ಬಿಡಬೇಕು, ಬಿಗಿಹಿಡಿಯಬಾರದು. ಕೊನೆಗೆ ತಟ್ಟನೆ ನಿಲ್ಲಿಸಬಾರದು. ಬಿಪಿ ಇಳಿದು ತಲೆ ತಿರುಗಬಹುದು.

ನಾಡಿ ಎಣಿಸಿ ವೇಗ ತಿಳಿಯೋಣ ಅಂದರೆ ಅದು ಇವರಿಗೆ ಸರಿಹೋಗುವುದಿಲ್ಲ. ಹೆಚ್ಚಿನವರು ತೆಗೆದುಕೊಳ್ಳುವ ಬೀಟಾ ಬ್ಲಾಕರ್ ಮಾತ್ರೆ ನಾಡಿಯನ್ನು ಏರಲು ಬಿಡುವುದಿಲ್ಲ. ಹಾಗಾಗಿ ನಾನು ಮಾತನ್ನೇ ಅಳತೆ ಮಾಡಿಕೊಂಡಿದ್ದೇನೆ. ಪಕ್ಕದವರ ಹತ್ತಿರ ಒಂದು ವಾಕ್ಯ ಪೂರ್ತಿ ಹೇಳಲು ಆಗಬೇಕು. ಅರ್ಧಕ್ಕೆ ಉಸಿರು ಸಿಕ್ಕಿಕೊಂಡರೆ ವೇಗ ಜಾಸ್ತಿಯಾಯಿತು. ಒಬ್ಬರೇ ಮಾಡುವಾಗ ಯಾರ ಹತ್ತಿರ ಮಾತಾಡುವುದು, ಅಲ್ವಾ?

ಗುಂಪಿಗೆ ಒಂದು ಅಪಾಯವೂ ಉಂಟು. ಶುರುವಿನಲ್ಲಿ ಎಲ್ಲರಿಗೂ ಒಂದೇ ಲೆಕ್ಕ ಹೇಳುತ್ತಿದ್ದೆ. ಒಬ್ಬರು ಅಮ್ಮ ಪಕ್ಕದವರಿಗಿಂತ ಹಿಂದೆ ಬೀಳಬಾರದೆಂದು ಹತ್ತು ಸಲವೂ ಎದ್ದರು, ಮುಖ ಬೆವರಿ ಕಣ್ಣು ಕತ್ತಲೆ ಬಂತು. ತಪ್ಪು ನನ್ನದು. ಅಂದಿನಿಂದ ಲೆಕ್ಕ ಜೋರಾಗಿ ಹೇಳುವುದಿಲ್ಲ. ಅವರವರ ಲೆಕ್ಕ ಅವರವರದು.

ಬೆಳಿಗ್ಗೆ ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಲು ಹೇಳುತ್ತೇನೆ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ, ಪಾದ ಊದಿದರೆ, ಮಲಗಿದಾಗ ಉಸಿರು ಕಟ್ಟಿ ರಾತ್ರಿ ಇನ್ನೊಂದು ದಿಂಬು ಬೇಕಾದರೆ, ಆ ದಿನ ವ್ಯಾಯಾಮ ಇಲ್ಲ. ಡಾಕ್ಟರಿಗೆ ಫೋನ್. ಎದೆನೋವು ಬಂದರಂತೂ ತಕ್ಷಣ ಆಸ್ಪತ್ರೆ. ಗಂಜಿಯ ಜತೆ ಉಪ್ಪಿನಕಾಯಿ ಬೇಡ ಅಂತ ನಾನು ಹತ್ತು ಸಲ ಹೇಳಿದರೂ ಕೇಳದವರು, ಪಕ್ಕದ ಕುರ್ಚಿಯವರು ಬಿಟ್ಟದ್ದು ನೋಡಿ ಬಿಟ್ಟಿದ್ದಾರೆ.

ಇನ್ನೊಂದು ವಿಷಯ. ನೀರು ಇಳಿಸುವ ಮಾತ್ರೆ ತೆಗೆದುಕೊಂಡವರಿಗೆ ಬೆಳಿಗ್ಗೆ ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕು. ಆ ಮುಜುಗರಕ್ಕೇ ಕೆಲವರು ಬರುವುದು ಬಿಟ್ಟರು, ಕೆಲವರು ಸುಮ್ನೆ ಮಾತ್ರೆಯನ್ನೇ ಬಿಟ್ಟರು. ಹಾಗೆ ಬಿಡಲೇಬಾರದು. ಈಗ ನಮ್ಮ ಗುಂಪು ಸೇರುವುದು ಸಂಜೆ, ಶೌಚಾಲಯದ ಪಕ್ಕದ ಕೋಣೆಯಲ್ಲಿ.