ಹಿಂದಿನವರು ಬಿಟ್ಟುಹೋದ ರಂದಾ ಮಷೀನು

ಜುಲೈ ತಿಂಗಳ ಒಂದು ಮಧ್ಯಾಹ್ನ. ಹೊರಗೆ ಜಡಿಮಳೆ. ಶಿವಮೊಗ್ಗದ ನಮ್ಮ ಮರಗೆಲಸದ ಶೆಡ್ಡಿನಲ್ಲಿ ಕರೆಂಟ್ ಹೋಯಿತು. ರಂದಾ ಮಷೀನಿನಲ್ಲಿ (ಎರಡು ಟೇಬಲ್ಲಿನ ನಡುವೆ ತಿರುಗುವ ಬ್ಲೇಡು ಹಲಗೆಯನ್ನು ನಯ ಮಾಡುವ ಯಂತ್ರ) ಹಲಗೆ ಕೀಸುತ್ತಿದ್ದ ಹುಡುಗ, ಹೇಗೂ ನಿಂತಿದೆಯಲ್ಲ ಅಂತ ಬ್ಲೇಡಿನ ಸಂದಿಯಲ್ಲಿ ಸಿಕ್ಕಿದ್ದ ಹೊಟ್ಟು ತೆಗೆಯಲು ಬೆರಳು ಹಾಕಿದ. "ಕೈ ತೆಗಿಯೋ ಮಾರಾಯ!" ಅಂತ ಕೂಗಿದೆ. ಅವನು ಕೈ ತೆಗೆದು ನನ್ನ ಕಡೆ ತಿರುಗಿದ, ಕರೆಂಟ್ ಬಂತು. ಮಷೀನು ತಾನಾಗಿ ತಿರುಗತೊಡಗಿತು. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಆ ಮಷೀನಿಗೆ ಇದ್ದದ್ದು ಸಾದಾ ಸ್ವಿಚ್ಚು. ಕರೆಂಟ್ ಹೋದರೂ ಅದು ಆನ್ ಆಗಿಯೇ ಇರುತ್ತದೆ. ಹಸಿರು-ಕೆಂಪು ಗುಂಡಿಯ ಸ್ಟಾರ್ಟರ್ ಹಾಗಲ್ಲ. ಕರೆಂಟ್ ತಪ್ಪಿದ ಕೂಡಲೇ ಒಳಗಿನ ಕಾಯಿಲ್ ಹಿಡಿತ ಬಿಡುತ್ತದೆ. ಮತ್ತೆ ಹಸಿರು ಗುಂಡಿ ಒತ್ತುವ ತನಕ ಮೋಟಾರು ತಿರುಗುವುದಿಲ್ಲ. ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟ್ ಹೋಗಿ ಬರುವ ನಮ್ಮ ಕಡೆ ಇದು ಬೇಕೇ ಬೇಕು. ಕರೆಂಟ್ ಬಂದ ಕೂಡಲೇ ತಾನಾಗಿ ಮೋಟಾರು ಶುರು ಮಾಡುವ, ತೋಟದ ಪಂಪಿಗೆ ಹಾಕುವ ಆಟೋ ಸ್ವಿಚ್ಚನ್ನು ಮಾತ್ರ ಇದಕ್ಕೆ ಯಾವತ್ತೂ ಹಾಕಬೇಡಿ.

ನಮ್ಮ ಶೆಡ್ಡಿನಲ್ಲಿ ನಾಲ್ಕು ಜನ ಕೆಲಸ ಮಾಡುತ್ತೇವೆ, ಮಷೀನು ಒಂದೇ. ಹಲಗೆ ಕೊಡುವ ಕಡೆಯ ಟೇಬಲ್ಲನ್ನು ಒಬ್ಬೊಬ್ಬರು ಒಂದೊಂದು ಮಟ್ಟಕ್ಕೆ ಇಳಿಸುತ್ತಾರೆ. ಅದು ಬ್ಲೇಡಿನ ತುದಿಗಿಂತ ಎಷ್ಟು ಕೆಳಗಿದೆಯೋ ಅಷ್ಟು ಮರ ಒಂದು ಸಲಕ್ಕೆ ಕೀಸುತ್ತದೆ. ಯಾರೋ 3 ಮಿ.ಮೀ.ಗೆ ಇಟ್ಟು ಹೋಗಿರುತ್ತಾರೆ. ನೀವು ನೋಡದೆ ಒಣಗಿದ ಹೊನ್ನೆ ಹಲಗೆ ಕೊಡುತ್ತೀರಿ. ಬ್ಲೇಡು ಅದನ್ನು ಕಚ್ಚಿ ನಿಮ್ಮ ಕಡೆಗೇ ಎಸೆಯುತ್ತದೆ. ಒತ್ತಿ ಹಿಡಿದಿದ್ದ ಕೈ ನೇರ ಬ್ಲೇಡಿನ ಮೇಲೆ ಬೀಳುತ್ತದೆ. ನಿಮಿಷಕ್ಕೆ ನಾಲ್ಕೈದು ಸಾವಿರ ಸುತ್ತು ತಿರುಗುವ ಬ್ಲೇಡು ಅದು. ಕೈ ಹಿಂದೆಳೆಯಲು ಟೈಮ್ ಎಲ್ಲಿದೆ?

ಅದಕ್ಕೇ ಮೊದಲು ಮೇನ್ ಆಫ್ ಮಾಡಿ ಟೇಬಲ್ ನೋಡಿ. ಒಂದು ಸಲಕ್ಕೆ 1 ಮಿ.ಮೀ. ಸಾಕು, ಜಾಸ್ತಿ ಅಂದರೆ ಒಂದೂವರೆ. ಹಲಗೆ ಹೊರಬರುವ ಕಡೆಯ ಟೇಬಲ್ಲು ಬ್ಲೇಡಿನ ತುದಿಗೆ ಸರಿಸಮ ಇರಬೇಕು. ಬ್ಲೇಡು ಹಿಡಿದ ಬೋಲ್ಟುಗಳು ಬಿಗಿಯಾಗಿವೆಯೇ ಅಂತಲೂ ನೋಡಿ, ನಿನ್ನೆ ಯಾರಾದರೂ ಬ್ಲೇಡು ಬದಲಿಸಿರಬಹುದು. ಬ್ಲೇಡು ಮುಚ್ಚುವ ಗಾರ್ಡ್ ಬಿಚ್ಚಿಟ್ಟಿದ್ದರೆ ಹಾಕದೆ ಶುರು ಮಾಡಲೇಬೇಡಿ.

ಮರದ ಗುಣವೂ ಗೊತ್ತಿರಬೇಕು. ಹೊನ್ನೆ, ಹಲಸು, ಮತ್ತಿಯ ನಾರು ಒಂದೇ ದಿಕ್ಕಿಗೆ ಓಡುವುದಿಲ್ಲ. ಇವನ್ನು ಇನ್ನೂ ತೆಳುವಾಗಿ, ನಿಧಾನಕ್ಕೆ ಕೀಸಬೇಕು. ಹಳೇ ತೊಟ್ಟಿಮನೆ ಬಿಚ್ಚಿದ ಕಂಬ, ಜಂತೆ ಬಂದರೆ ಮೊದಲು ಆಯಸ್ಕಾಂತ ಆಡಿಸಿ ನೋಡಿ. ಒಳಗೆ ಮುರಿದ ಮೊಳೆ ಇದ್ದೇ ಇರುತ್ತದೆ ಅಂದುಕೊಳ್ಳಿ. ಬಾಗಿದ ಹಲಗೆಯಾದರೆ ತಗ್ಗಿನ ಮುಖ ಕೆಳಗೆ ಬರಲಿ, ಆಗ ಅದು ಅಲುಗಾಡುವುದಿಲ್ಲ. ಒಂದು ಅಡಿಗಿಂತ ಚಿಕ್ಕ ತುಂಡನ್ನು ಇದರ ಮೇಲೆ ಇಡಲೇಬೇಡಿ. ಅದಕ್ಕೆ ಕೈ ಉಜ್ಜುಗೊರಡೇ ಸರಿ.

ಹಲಗೆಯನ್ನು ಬರಿಗೈಲಿ ಒತ್ತದೆ ಹಿಡಿ ಇರುವ ಮರದ ತುಂಡಿನಿಂದ ತಳ್ಳಿ. ಮುಂಭಾಗ ಬ್ಲೇಡು ದಾಟಿ ಗೇಣುದ್ದ ಹೋದ ಮೇಲೆ ಎಡಗೈಯನ್ನು ಎತ್ತಿ, ಆಚೆ ಕಡೆಯ ಟೇಬಲ್ಲಿಗೆ ಬಂದ ಹಲಗೆಯ ಭಾಗದ ಮೇಲೆ ಇಡಿ. ಕೈ ಹಲಗೆಯ ಮೇಲೇ ಜಾರಿಕೊಂಡು ಬ್ಲೇಡಿನ ಮೇಲೆ ಹಾದುಹೋಗಬಾರದು. ಚಳಿ ಅಂತ ಗ್ಲೌಸ್ ಹಾಕಬೇಡಿ, ಬ್ಲೇಡು ಗ್ಲೌಸಿನ ಜೊತೆ ಕೈಯನ್ನೂ ಎಳೆದುಕೊಳ್ಳುತ್ತದೆ. ಹೆಗಲ ಟವಲ್ಲೂ ಬೇಡ.

ಇನ್ನೊಂದು ಮಾತು ಪಕ್ಕದಲ್ಲಿರುವವರಿಗೆ. ಕೀಸುತ್ತಿರುವವರನ್ನು ಹಿಂದಿನಿಂದ "ಅಣ್ಣಾ, ಟೀ ಬಂತು" ಅಂತ ಕರೆಯಬೇಡಿ. ಅವರು ತಿರುಗಿ ನೋಡಿಯೇ ನೋಡುತ್ತಾರೆ. ಮಷೀನು ಪೂರ್ತಿ ನಿಲ್ಲುವ ತನಕ ಕಾಯಿರಿ, ಟೀ ಆರಿದರೆ ಆರಲಿ.

ಈಗ ನಮ್ಮಲ್ಲಿ ಕೆಲಸ ಮುಗಿಸಿದವರು ಟೇಬಲ್ಲನ್ನು 1 ಮಿ.ಮೀ.ಗೆ ತಂದು, ಗಾರ್ಡ್ ಮುಚ್ಚಿ, ಮೇನ್ ಆಫ್ ಮಾಡುತ್ತಾರೆ. ಬ್ಲೇಡಿಗೆ ಏನಾದರೂ ಮಾಡಿದ್ದರೆ ಗೋಡೆಯ ಸ್ಲೇಟಿನಲ್ಲಿ ಬರೆಯುತ್ತಾರೆ. ಆಮೇಲೆ ಬರುವವರು ಅದನ್ನು ಓದುತ್ತಾರೆ, ಓದಿಯೂ ಬಗ್ಗಿ ಇನ್ನೊಮ್ಮೆ ಎಲ್ಲ ನೋಡುತ್ತಾರೆ. ಆ ಹುಡುಗನಂತೂ ಎರಡು ಸಲ ನೋಡುತ್ತಾನೆ.